ಹೆಚ್ಚಾದ ಒಂದು ‘ಹೆಚ್’

“ಈ ಕಾಗದ ಜಪಾನಿನಿಂದ ಬಂದದ್ದಲ್ಲ,” ಎಂದಳು ವಿನೀತಾ.

ಇಮ್ರುಲ್ ಬಾಯಿಗೆ ಒಯ್ಯುತ್ತಿದ್ದ ಕಾಫಿ ಅರ್ಧ ದಾರಿಯಲ್ಲೇ ನಿಂತಿತು. ಕಿಸ್ಟಾ ಮೆಟ್ರೋ ನಿಲ್ದಾಣದ ಪಕ್ಕದ ಕೆಫೆ. ಗಂಟೆ ಒಂದೂವರೆ. ಕೊರಳಿಗೆ ಕಂಪನಿಯ ಕಾರ್ಡು ತೂಗಿಬಿಟ್ಟುಕೊಂಡ ಅರ್ಧ ಭಾರತವೇ ಅಲ್ಲಿ ತಟ್ಟೆ ಹಿಡಿದು ಸಾಲು ನಿಂತಿತ್ತು. ಹೊರಗೆ ಬೆಳಗಿನಿಂದ ಬಿಡದೆ ಹಿಮ.

“ಸರಿಯಾಗಿ ನೋಡಿ ದೀದಿ. ಯೂನಿವರ್ಸಿಟಿಯ ಮುದ್ರೆ ಇದೆ.”

“ಮುದ್ರೆ ಯಾರು ಬೇಕಾದರೂ ಅಂಟಿಸಬಹುದು. ಕಾಮಾ ನೋಡು.”

ಇಬ್ಬರ ಮಾತೂ ಹಿಂದಿ-ಇಂಗ್ಲಿಷ್ ಕಲಬೆರಕೆ. ಇಮ್ರುಲ್ ಬಾಂಗ್ಲಾದೇಶದ ಮೈಮನ್‌ಸಿಂಗ್‌ನವನು, ಇಲ್ಲಿನ ಟೆಲಿಕಾಂ ಕಂಪನಿಯೊಂದರಲ್ಲಿ ಕೆಲಸ. ತಂಗಿ ನಿಶಾತ್‌ಗೆ ಜಪಾನಿನಲ್ಲಿ ಎಂಜಿನಿಯರಿಂಗ್ ಸೀಟು ಸಿಕ್ಕಿದೆ. ಖರ್ಚಿಗೆ ಜಾಮೀನು ನಿಂತವನು ಈ ಅಣ್ಣ. ಫೀಸು ಕಟ್ಟಿ ಹತ್ತು ದಿನವಾಯಿತು. ಮೊನ್ನೆ ಸೋಮವಾರ ಯೂನಿವರ್ಸಿಟಿ ಬರೆಯಿತು: ನಮಗೆ ಒಂದು ಯೆನ್ನೂ ಬಂದಿಲ್ಲ, ಶುಕ್ರವಾರ ಮೂರು ಗಂಟೆಗೆ ಸೀಟು ರದ್ದು.

ಶುಕ್ರವಾರ ಮೂರು ಗಂಟೆ ಅಂದರೆ ಜಪಾನಿನ ಮೂರು. ಸ್ವೀಡನ್ನಿನಲ್ಲಿ ಆಗ ಬೆಳಗಿನ ಏಳು. ಇವತ್ತು ಬುಧವಾರ.

ವಿನೀತಾ ಎರಡು ಕಾಗದಗಳನ್ನು ಅಕ್ಕಪಕ್ಕ ಇಟ್ಟಳು. ಒಂದು, ಜನವರಿಯಲ್ಲಿ ಬಂದ ಪ್ರವೇಶ ಪತ್ರ. ಇನ್ನೊಂದು, ಆಮೇಲೆ ಈಮೇಲಿನಲ್ಲಿ ಬಂದದ್ದು: ಯುರೋಪಿನಿಂದ ಫೀಸು ಕಟ್ಟುವವರು ನಮ್ಮ ಪ್ರತಿನಿಧಿಯಾದ ‘ನೂರ್ಡ್‌ಬ್ರೂ’ ಎಂಬ ಸ್ವೀಡಿಷ್ ಕಂಪನಿಯ ಖಾತೆಗೆ ಹಾಕಿ ಎಂದು. ಇಮ್ರುಲ್ ಹಾಕಿದ್ದ.

“ಮೊತ್ತ ಎರಡರಲ್ಲೂ ಒಂದೇ. ಜನವರಿಯ ಪತ್ರದಲ್ಲಿ ಕಾಮಾ ಒಂದೇ ಒಂದು, ಕೊನೆಯ ಮೂರು ಅಂಕಿಯ ಹಿಂದೆ. ಈಮೇಲಿನಲ್ಲಿ ಬಂದದ್ದರಲ್ಲಿ ಎರಡು. ಎಂಟು, ಕಾಮಾ, ಹದಿನೇಳು, ಕಾಮಾ, ಎಂಟುನೂರು. ಎಂಟು ಲಕ್ಷ ಹದಿನೇಳು ಸಾವಿರ ಅಂತ ಓದಿದೆ ತಾನೇ ನೀನು?”

“ಹೌದು.”

“ಲಕ್ಷಕ್ಕೊಂದು ಕಾಮಾ ಹಾಕುವವರು ನೀವು, ನಾವು. ಜಪಾನಿನವರಿಗೆ ಲಕ್ಷ ಗೊತ್ತಿಲ್ಲ. ಸ್ವೀಡನ್ನಿನವರಿಗೂ ಇಲ್ಲ.”

ಇಮ್ರುಲ್ ಮುಖ ಕೆಂಪಾಯಿತು. “ಹಾಗಾದರೆ ನಮ್ಮವರೇ? ಮೂರು ಈದ್‌ಗೆ ಊರಿಗೆ ಹೋಗದೆ ಉಳಿಸಿದ ದುಡ್ಡು ದೀದಿ ಅದು! ಅವಳು ಢಾಕಾದ ಸೀಟು ಬಿಟ್ಟುಕೊಟ್ಟಾಗಿದೆ. ಇದೂ ಹೋದರೆ ಅವಳಿಗೆ ಏನೂ ಇಲ್ಲ.”

ಪಾಪ, ಅವನು ಬ್ಯಾಂಕಿಗೆ ದೂರು ಕೊಟ್ಟಿದ್ದ. ಹದಿನೈದು ಕೆಲಸದ ದಿನ ಬೇಕು ಅಂದಿದ್ದರು. ಪೊಲೀಸರು ದೂರಿನ ನಂಬರು ಕೊಟ್ಟು ಶುಭದಿನ ಹಾರೈಸಿ ಕಳಿಸಿದ್ದರು. ಈ ದೇಶದಲ್ಲಿ ಎಲ್ಲವೂ ನಡೆಯುತ್ತದೆ, ಸಾಲಿನಲ್ಲಿ.

ವಿನೀತಾಳ ಕಣ್ಣು ಮತ್ತೆ ಕಾಗದಕ್ಕೆ ಹೋಯಿತು. ಕಾರ್ಕಳದ ಈ ಹೆಂಗಸು ಸ್ಟಾಕ್‌ಹೋಮಿನ ಬ್ಯಾಂಕೊಂದರಲ್ಲಿ ಎಂಟು ವರ್ಷ ವಂಚನೆ ಪತ್ತೆಯ ವಿಭಾಗದಲ್ಲಿದ್ದು, ಈಗ ಸ್ವಂತವಾಗಿ ಅದೇ ಕೆಲಸ ಮಾಡಿಕೊಂಡಿದ್ದಾಳೆ. ಸುಳ್ಳು ಕಾಗದ ಕಂಡರೆ ಅವಳಿಗೆ ಕಾಲು ನೆಲದ ಮೇಲೆ ನಿಲ್ಲುವುದಿಲ್ಲ. ಮೇಜಿನ ಕೆಳಗೆ ಅವಳ ಮಂಡಿ ಆಗಲೇ ಕುಣಿಯಲು ಶುರುಮಾಡಿತ್ತು.

“ನಿಶಾತ್‌ಗೆ ಫೋನ್ ಮಾಡು. ವಿಡಿಯೋ. ಪಾಸ್‌ಪೋರ್ಟ್ ಕೈಯಲ್ಲಿ ಹಿಡಿದುಕೊಳ್ಳಲಿ.”

ಪರದೆಯ ಮೇಲೆ ಹುಡುಗಿ ಬಂದಳು. ಅಲ್ಲಿ ಕತ್ತಲಾಗಿತ್ತು. ಹಿಂದಿನ ಗೋಡೆಯ ತುಂಬ ಜಪಾನಿ ಅಕ್ಷರಗಳ ಚೀಟಿಗಳು. ಮೂರು ವರ್ಷ ಬೆಳಗಿನ ಆರಕ್ಕೆ ಎದ್ದು ಕಲಿತ ಭಾಷೆ ಅದು.

“ಆಪು, ಏನಾದರೂ ಗೊತ್ತಾಯಿತಾ?” ಅಕ್ಕನಿಗೆ ಅವಳ ಭಾಷೆಯಲ್ಲಿ ಆಪು.

“ನಿನ್ನ ಹೆಸರಿನ ಸ್ಪೆಲಿಂಗ್ ಹೇಳಮ್ಮಾ.”

“ಎನ್, ಐ, ಎಸ್, ಹೆಚ್, ಎ, ಟಿ.”

“ಟಿ ಆದಮೇಲೆ ಇನ್ನೊಂದು ಹೆಚ್ ಹಾಕುತ್ತೀಯಾ ಯಾವಾಗಲಾದರೂ?”

ಅಷ್ಟು ಸಂಕಟದಲ್ಲೂ ಹುಡುಗಿ ನಕ್ಕುಬಿಟ್ಟಳು. “ಯಾಕೆ ಆಪು? ಆಗ ಅದು ನಿಶಾಥ್ ಆಗುತ್ತದೆ. ಬಂಗಾಳಿಯಲ್ಲಿ ಬೇರೆ ಅಕ್ಷರ. ಹಾಗೆ ಯಾರು ಬರೆಯುತ್ತಾರೆ?”

ಯಾರು ಬರೆಯುತ್ತಾರೆ! ವಿನೀತಾ ಕಾಗದವನ್ನು ಹತ್ತಿರಕ್ಕೆ ಎಳೆದುಕೊಂಡಳು. ಸುಳ್ಳು ಕಾಗದದಲ್ಲಿ ನಿಶಾತ್‌ಳ ಹೆಸರಿನ ಕೊನೆಗೆ, ಟಿ ಪಕ್ಕದಲ್ಲಿ, ದುಂಡಗೆ ಒಂದು ಹೆಚ್ ಕೂತಿತ್ತು.

ಅವಳಿಗೆ ಗೊತ್ತು ಯಾರು ಬರೆಯುತ್ತಾರೆಂದು. ಅವಳ ಹೆಸರಿನ ಬಾಲಕ್ಕೂ ಅದೇ ಹೆಚ್ ಇದೆ. ಲತಾ, ಗೀತಾ, ಭರತ್, ವಿನೀತಾ, ಎಲ್ಲರಿಗೂ ಟಿ ಜೊತೆಗೊಂದು ಹೆಚ್. ಬರೀ ಟಿ ಹಾಕಿದರೆ ಎಲ್ಲಿ ಜನ ‘ಟ’ ಅಂದುಬಿಡುತ್ತಾರೋ ಎಂದು ನಮ್ಮ ಕಡೆಯವರಿಗೆ ಹುಟ್ಟಿನಿಂದ ಬಂದ ಹೆದರಿಕೆ ಅದು. ಬ್ಯಾಂಕಿನಲ್ಲಿ ಸ್ವೀಡಿಷ್ ಸಹೋದ್ಯೋಗಿಗಳು ಫೀಕಾಗೆ, ಅಂದರೆ ಕಾಫಿ ವಿರಾಮಕ್ಕೆ, ಕೂತಾಗಲೆಲ್ಲ ಕೇಳುತ್ತಿದ್ದರು, ಆ ಹೆಚ್ ಏನು ಕೆಲಸ ಮಾಡುತ್ತದೆ ಅಂತ. ಇವತ್ತು ಅದು ಕೆಲಸ ಮಾಡಿತ್ತು.

ಕಾಮಾ ಹಾಕಿದವರು ಬಾಂಗ್ಲಾದವರೂ ಇರಬಹುದಿತ್ತು. ಹೆಚ್ ಹಾಕಿದವರು ದಕ್ಷಿಣದವರು.

“ಇಮ್ರುಲ್, ಜಾಮೀನಿನ ಕಾಗದ, ತೆರಿಗೆ ಪತ್ರ, ಬ್ಯಾಂಕ್ ಸರ್ಟಿಫಿಕೇಟ್, ಇವನ್ನೆಲ್ಲ ಯಾರಿಂದ ಮಾಡಿಸಿದೆ?”

“ಹುಸ್ಬಿಯ ಲಾಯ್ಡ್ ಹತ್ತಿರ. ಹೊರದೇಶದ ಓದಿಗೆ ಕಾಗದ ಮಾಡಿಕೊಡುತ್ತಾನಲ್ಲ.” ಇಮ್ರುಲ್ ಒಂದು ಕ್ಷಣ ತಡೆದ. “ನಿಮ್ಮ ನಂಬರ್ ಕೊಟ್ಟದ್ದೇ ಅವನ ತಾಯಿ, ರೋಸಿ ಆಂಟಿ. ದುಡ್ಡು ಹೋಯಿತು ಅಂದಾಗ ಅವರೇ ಹೇಳಿದ್ದು, ವಿನೀತಾ ಹತ್ತಿರ ಹೋಗು, ಅವಳ ಕಣ್ಣಿಗೆ ಬೀಳದ್ದು ಯಾವುದೂ ಇಲ್ಲ ಅಂತ.”

ವಿನೀತಾ ಎದ್ದು ಕೋಟು ಹಾಕಿಕೊಂಡಳು. ಒಂದು ತೋಳು ಒಳಗೆ, ಒಂದು ಹೊರಗೆ.

“ನಾನೂ ಬರುತ್ತೇನೆ.”

“ಬೇಡ. ನೀನು ಬಂದರೆ ಜಗಳವಾಗುತ್ತದೆ. ನನಗೆ ದುಡ್ಡು ಬೇಕು.”

*

ಹುಸ್ಬಿ ಒಂದೇ ನಿಲ್ದಾಣ. ಅಷ್ಟು ದೂರಕ್ಕೂ ವಿನೀತಾ ಕೂರಲಿಲ್ಲ. ನೂರ್ಡ್‌ಬ್ರೂ ಯಾರದೆಂದು ಫೋನಿನಲ್ಲಿ ಹುಡುಕಿದಳು. ಕಳೆದ ತಿಂಗಳು ಆಡಳಿತದಲ್ಲಿ ಬದಲಾವಣೆಯಾಗಿದೆ, ಹೊಸ ವಿವರ ಇನ್ನೂ ಏರಿಸಿಲ್ಲ ಎಂದಿತ್ತು. ನೋಂದಣಿ ಕಚೇರಿಗೆ ಫೋನ್ ಮಾಡಿದಳು. ನೀವು ಸಾಲಿನಲ್ಲಿ ನಲವತ್ತೊಂದನೆಯವರು ಎಂದು ಇಂಪಾದ ಹೆಣ್ಣು ದನಿ ಹೇಳಿತು. ಥತ್!

ರೋಸಿ ಆಂಟಿ. ಬೇರೆ ಯಾರಾದರೂ ಆಗಿದ್ದರೆ ಅವಳಿಗೆ ಇಷ್ಟು ಚಡಪಡಿಕೆ ಆಗುತ್ತಿರಲಿಲ್ಲ. ಹದಿನಾಲ್ಕು ವರ್ಷದ ಹಿಂದೆ, ಚಳಿಗಾಲದಲ್ಲಿ ಬರೀ ಸ್ವೆಟರ್ ಹಾಕಿಕೊಂಡು ಬಂದಿಳಿದ ವಿನೀತಾಳಿಗೆ ಬೂಟು ಕೊಡಿಸಿದವಳು ಅವಳು. ಪರ್ಸನ್‌ನಂಬರ್ ಎಂಬ ಇಲ್ಲಿನ ಗುರುತಿನ ಸಂಖ್ಯೆ ಕೊಡುವ ಕಚೇರಿಗೆ ಜೊತೆಗೆ ಬಂದು ಸಾಲಿನಲ್ಲಿ ನಿಂತವಳೂ ಅವಳೇ. “ಪಾಸ್‌ಪೋರ್ಟಲ್ಲಿ ಹೆಚ್ ಉಂಟಲ್ಲ, ಎಲ್ಲ ಕಡೆ ಹೆಚ್ ಹಾಕು. ಒಂದಕ್ಷರ ಬಿಟ್ಟರೆ ಈ ದೇಶದಲ್ಲಿ ನೀನು ಬೇರೆ ಮನುಷ್ಯಳು,” ಎಂದು ಹೇಳಿಕೊಟ್ಟಿದ್ದಳು.

ಬಾಗಿಲು ತೆರೆದದ್ದೂ ಅವಳೇ.

“ಓ ದೇವರೇ, ಎಂತ ಮಾರಾಯ್ತಿ, ಒಂದು ಫೋನ್ ಸಾ ಮಾಡದೆ! ಒಳಗೆ ಬಾ, ಒಳಗೆ ಬಾ. ಸೆಮ್ಲಾ ಬನ್ನು ಮಾಡಿದ್ದೇನೆ, ಏಲಕ್ಕಿ ಜಾಸ್ತಿ ಹಾಕಿ.”

ವಿನೀತಾ ಬೂಟು ಬಿಚ್ಚಿದಳು. ಅಂಟಿದ್ದ ಹಿಮ ಕರಗಿ ಹೊಸ್ತಿಲ ಬಳಿಯ ಚಾಪೆ ಒದ್ದೆಯಾಯಿತು. ಮುಂದಿನ ಕೋಣೆಯೇ ಲಾಯ್ಡ್‌ನ ಆಫೀಸು: ಒಂದು ಮೇಜು, ಒಂದು ಪ್ರಿಂಟರು, ಗೋಡೆಯ ಮೇಲೆ ಜಪಾನ್, ಕೆನಡಾ, ಜರ್ಮನಿಯ ಬಾವುಟಗಳು. ಮೇಜಿನ ಹಿಂದೆ ಲಾಯ್ಡ್. ಇಲ್ಲೇ ಹುಟ್ಟಿ ಬೆಳೆದ ಹುಡುಗ, ವಯಸ್ಸು ಇಪ್ಪತ್ತೇಳು, ಗಡ್ಡ ನೀಟಾಗಿ ಕತ್ತರಿಸಿದ್ದ. ಮನೆಗೆ ಬಂದವರ ಜೊತೆ ಕನ್ನಡ ಆಡುತ್ತಾನೆ, ಅರ್ಧಕ್ಕೆ ನಿಲ್ಲಿಸಿ ಸ್ವೀಡಿಷಿಗೆ ಹಾರುತ್ತಾನೆ.

ವಿನೀತಾ ಕೂರಲಿಲ್ಲ. ಕಾಗದವನ್ನು ಅವನ ಮುಂದಿಟ್ಟಳು.

“ಇದು ನಿಂದಾ?”

ಅವನು ಓದಿದ. ಬೇಗ ಓದಿದ, ಅಥವಾ ಓದಲೇ ಇಲ್ಲ. “ನೇಯ್, ನಂದಲ್ಲ. ಯೂನಿವರ್ಸಿಟಿದು, ಅಲ್ವಾ?”

“ಯೂನಿವರ್ಸಿಟಿದಲ್ಲ. ಇದನ್ನ ಟೈಪ್ ಮಾಡಿದವರು ನಮ್ಮ ಕಡೆಯವರು.”

“ಅಲ್ತ್ಸೊ, ಆಂಟಿ, ಈ ಸ್ಟಾಕ್‌ಹೋಮಲ್ಲಿ ನಮ್ಮ ಕಡೆಯವರು ಎಷ್ಟು ಸಾವಿರ ಇದಾರೆ?”

“ಅವರಲ್ಲಿ ನಿಶಾತ್ ಹೆಸರು, ಸೀಟು, ಫೀಸು, ಅವಳ ಅಣ್ಣನ ಈಮೇಲು, ನಾಲ್ಕೂ ಗೊತ್ತಿರೋರು ಎಷ್ಟು ಜನ ಇದಾರೆ?”

ಅಡುಗೆಮನೆಯಲ್ಲಿ ರೋಸಿ ಆಂಟಿ ಕ್ರೀಮು ಕದಡುತ್ತಿದ್ದ ಸದ್ದು ನಿಂತಿತು. ಮತ್ತೆ ಶುರುವಾಯಿತು.

“ಆ ಹುಡುಗಿ ಹೆಸರು ಬರಿ,” ಎಂದಳು ವಿನೀತಾ, ಪೆನ್ನು ಮುಂದೆ ಮಾಡಿ.

“ಏನಿದು, ಸ್ಕೂಲಾ?”

“ಬರಿ ಲಾಯ್ಡ್.”

ಅವನು ಭುಜ ಕುಣಿಸಿ ಬರೆದ. ಆರು ಅಕ್ಷರ. ಟಿಗೆ ಮುಗಿಯಿತು. ಹೆಚ್ ಇಲ್ಲ.

ವಿನೀತಾ ಕಾಗದ ನೋಡಿದಳು, ಅವನನ್ನು ನೋಡಿದಳು. ಅವನ ಕೈ ಒಂದಿಷ್ಟೂ ತಡೆದಿರಲಿಲ್ಲ.

“ಓ! ಆ ಹೆಚ್ ವಿಷಯನಾ?” ಲಾಯ್ಡ್ ನಕ್ಕ. “ಅದು ನಿಮ್ಮ ಜನರೇಶನ್ ಆಂಟಿ. ನಾನು ಇಲ್ಲಿ ಓದಿದ್ದು. ಪ್ರೀತಿ ಅಂತ ನನ್ನ ಕಸಿನ್ ಇದಾಳೆ, ಅವಳಿಗೂ ಹೆಚ್ ಹಾಕಿದಾರೆ. ಮಮ್ಮಿ ಅದನ್ನ ಬರೆದಾಗೆಲ್ಲ ನಾನು ತಮಾಷೆ ಮಾಡ್ತೀನಿ.”

ಹೇಳಿದ ಮೇಲೆ ಅವನಿಗೇ ಕೇಳಿಸಿತು, ತಾನು ಏನು ಹೇಳಿದೆ ಎಂದು. ಅಥವಾ ಹಾಗೆ ವಿನೀತಾಳಿಗೆ ಅನ್ನಿಸಿತು.

“ನಿಮ್ಮ ಆಫೀಸಲ್ಲಿ ಟೈಪ್ ಮಾಡೋದು ಯಾರು?”

ಅಡುಗೆಮನೆಯ ಸದ್ದು ಈ ಸಲ ನಿಂತದ್ದು ಮತ್ತೆ ಶುರುವಾಗಲಿಲ್ಲ. ಅಷ್ಟರಲ್ಲಿ ಲಾಯ್ಡ್‌ನ ಫೋನು ಟಿಣ್ ಎಂದಿತು.

“ಪಾರ್ಕಿಂಗ್ ಟೈಮ್ ಮುಗೀತು. ಕಾರು ತೆಗೀದಿದ್ರೆ ದಂಡ ಹಾಕ್ತಾರೆ. ಹತ್ತು ನಿಮಿಷ ಆಂಟಿ, ಆಮೇಲೆ ಎಷ್ಟು ಬೇಕಾದ್ರೂ ಬೈರಿ.” ಜಾಕೆಟ್ ಎತ್ತಿಕೊಂಡು, ಶೂ ಮೆಟ್ಟಿ ಹೊರಟೇ ಹೋದ.

ಬಾಗಿಲು ಮುಚ್ಚಿತು. ರೋಸಿ ಆಂಟಿ ತಟ್ಟೆಯಲ್ಲಿ ಎರಡು ಸೆಮ್ಲಾ ಇಟ್ಟುಕೊಂಡು ಬಂದಳು.

“ಆಂಟಿ, ನೀವಾ?”

“ಕೂತ್ಕೋ.”

“ನೀವಾ ಅಂತ ಕೇಳಿದೆ!” ದನಿ ಏರಿತು. ಅಳು ಬರುವಂತಾಗಿ ವಿನೀತಾಳಿಗೆ ತನ್ನ ಮೇಲೇ ಸಿಟ್ಟು ಬಂತು.

“ನಾನೇ. ಅವ ಹೇಳಿದ, ನಾನು ಟೈಪ್ ಮಾಡಿದೆ. ಆದರೆ ತಪ್ಪು ಟೈಪ್ ಮಾಡಲಿಲ್ಲ. ನಲವತ್ತು ವರ್ಷದಿಂದ ಪಾಸ್‌ಪೋರ್ಟ್ ನೋಡಿ ಟೈಪ್ ಮಾಡುವವಳಿಗೆ ಒಂದು ಹೆಸರು ತಪ್ಪುತ್ತದಾ?” ಅವಳು ತಟ್ಟೆಯನ್ನು ಮೇಜಿನ ಮೇಲಿಟ್ಟಳು. “ಆ ಹೆಚ್ ನಿನ್ನ ಹೆಸರಿಂದ ತೆಗೆದದ್ದು ಮಾರಾಯ್ತಿ. ಬೇಕಂತಲೇ. ನಿನ್ನ ಕಣ್ಣಿಗೆ ಬೀಳಲಿ ಅಂತ. ಮಗನನ್ನು ನಾನು ಪೊಲೀಸಿಗೆ ಹಿಡಿದು ಕೊಡಲಾರೆ. ಹಾಗಂತ ಆ ಹುಡುಗಿಯ ಶಾಪ ಸಾ ನನಗೆ ಬೇಡ.”

“ನನ್ನ ಹೆಸರೇ ಯಾಕೆ?”

ರೋಸಿ ಆಂಟಿ ಕಪಾಟಿನಿಂದ ನೀಲಿ ಫೈಲೊಂದನ್ನು ತೆಗೆದಳು. “ನೂರ್ಡ್‌ಬ್ರೂ ಅಂದರೆ ಎಂತದು ಗೊತ್ತುಂಟಾ? ನನ್ನ ಹಳೆ ಕ್ಯಾಟರಿಂಗ್ ಕಂಪನಿ. ಅವ ಹೆಸರು ಬದಲಿಸಿದ್ದು.”

ಮೇಲಿನ ಹಾಳೆಯ ತಳದಲ್ಲಿ ಒಂದು ಸಹಿ ಇತ್ತು. ವಿನೀತಾಳದ್ದು.

ನೆನಪಾಯಿತು. ಇದೇ ಮನೆ, ಇದೇ ಮೇಜು, ಬಂದ ಮೊದಲ ವರ್ಷ. ಸಣ್ಣ ಕಂಪನಿಗೂ ಹೆಸರಿಗೊಬ್ಬ ಉಪ ನಿರ್ದೇಶಕ ಬೇಕು ಇಲ್ಲಿ, ಸುಪ್ಲೆಯಾಂಟ್ ಅನ್ನುತ್ತಾರೆ, ನಿರ್ದೇಶಕ ಇಲ್ಲದಾಗ ಅವನ ಜಾಗಕ್ಕೆ. ಸಂಬಳವಿಲ್ಲ, ಕೆಲಸವಿಲ್ಲ, ಬರೀ ಒಂದು ಸಹಿ. ಊರಿನವರು ಊರಿನವರಿಗೆ ಮಾಡಿಕೊಡುವ ಉಪಕಾರ. ಕಾಫಿ ಆರುವ ಮೊದಲೇ ಹಾಕಿ ಮರೆತುಬಿಟ್ಟಿದ್ದಳು. ಅವರಿವರ ಕಂಪನಿಗಳ ಬೇರು ಅಗೆಯುವವಳು ತನ್ನ ಹೆಸರು ಎಲ್ಲೆಲ್ಲಿದೆ ಎಂದು ಒಮ್ಮೆಯೂ ನೋಡಿರಲಿಲ್ಲ. ಎಂಥ ಪೆದ್ದಿ ನಾನು!

“ಲಾಯ್ಡ್ ಹೋದ ತಿಂಗಳು ರಾಜೀನಾಮೆ ಕೊಟ್ಟ. ಈಗ ಅದರಲ್ಲಿ ಉಳಿದ ಹೆಸರು ಒಂದೇ. ನಿನ್ನದು.”

“ದುಡ್ಡು?”

“ಖಾತೆಯಲ್ಲೇ ಉಂಟು. ನಾಳೆ ಇರ್ತದೋ ಇಲ್ವೋ ನನಗೆ ಗೊತ್ತಿಲ್ಲ. ನಿನ್ನ ಬ್ಯಾಂಕ್ ಐಡಿ ಹಾಕಿದರೆ ತೆರೀತದೆ. ಕಳಿಸಿಬಿಡು ಮಗಾ. ಅವ ಬರುವ ಮೊದಲು.”

ಗೋಡೆಯ ಗಡಿಯಾರದಲ್ಲಿ ಎರಡು ನಲವತ್ತು. ಹೊರದೇಶಕ್ಕೆ ಹೋಗುವ ದುಡ್ಡು ಮೂರು ಗಂಟೆಯ ಮೇಲೆ ಹಾಕಿದರೆ ನಾಳೆಯ ಲೆಕ್ಕ. ನಾಳೆಯದು ಶುಕ್ರವಾರ ಮುಟ್ಟುವುದಿಲ್ಲ. ಬ್ಯಾಂಕಿನಲ್ಲಿ ಎಂಟು ವರ್ಷ ಕೂತವಳಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಇನ್ನೊಂದನ್ನೂ ಹೇಳಿಕೊಡಬೇಕಾಗಿರಲಿಲ್ಲ. ಇಲ್ಲಿಯವರೆಗೆ ಅವಳು ಆ ಕಂಪನಿಯಲ್ಲಿ ಬರೀ ಒಂದು ಹಳೆಯ ಸಹಿ. ಒಮ್ಮೆ ಖಾತೆ ತೆರೆದು ಒಳಗೆ ಕೈಯಿಟ್ಟಳೋ, ದಾಖಲೆಯಲ್ಲಿ ಅದನ್ನು ನಡೆಸುವವಳು ಅವಳೇ. ಕಳ್ಳಿಯೂ ಅವಳೇ. ಆಮೇಲೆ ಯಾವ ಬ್ಯಾಂಕು, ಯಾವ ವಕೀಲ, ಯಾವ ಇಮ್ರುಲ್ ಅವಳ ಮಾತು ನಂಬುತ್ತಾರೆ?

ಎದ್ದಳು. ಕಿಟಕಿಯವರೆಗೆ ಹೋದಳು. ವಾಪಸು ಬಂದಳು. ಕೂತಳು. ಮತ್ತೆ ಎದ್ದಳು.

ಫೋನು ಮಿಡಿಯಿತು. ನಿಶಾತ್ ಕಳಿಸಿದ ಧ್ವನಿ ಸಂದೇಶ. “ಆಪು, ನೀವು ಆ ಹೆಚ್ ಬಗ್ಗೆ ಕೇಳಿದ್ದನ್ನು ಅಮ್ಮನಿಗೆ ಹೇಳಿದೆ. ಇಷ್ಟು ಸೂಕ್ಷ್ಮವಾಗಿ ನೋಡುವವರು ಸಿಕ್ಕಿದ್ದಾರೆ, ಇನ್ನು ಭಯವಿಲ್ಲ ಅಂತ ಅಮ್ಮ ಇವತ್ತು ಎರಡು ತುತ್ತು ಜಾಸ್ತಿ ಊಟ ಮಾಡಿದರು.”

ಅಯ್ಯೋ, ಈ ಹುಡುಗಿ!

ವಿನೀತಾ ಬ್ಯಾಂಕಿನ ಪುಟ ತೆರೆದಳು. ಪರದೆ ಸ್ವೀಡಿಷಿನಲ್ಲಿ ಕೇಳಿತು: ಈ ಕಂಪನಿಯ ಪರವಾಗಿ ವ್ಯವಹರಿಸುವವರು ನೀವೇ? ಕೆಳಗೆ ಎರಡು ಗುಂಡಿ. ಹೌದು. ಅಲ್ಲ.

ಅವಳು ಹೌದು ಒತ್ತಿದಳು. ಆರು ಅಂಕಿಯ ಗುಪ್ತಸಂಖ್ಯೆ ಹಾಕಿದಳು. ಸ್ವಾಗತ ಎಂದು ಮೂಡಿತು. ಪಕ್ಕದಲ್ಲಿ ಅವಳ ಹೆಸರು, ಹೆಚ್ ಸಮೇತ.

ಖಾತೆ ತೆರೆಯಿತು. ಒಳಗೆ ಬಂದ ಹಣದ ಪಟ್ಟಿಯಲ್ಲಿ ಒಂಬತ್ತು ಹೆಸರುಗಳಿದ್ದವು. ಒಂಬತ್ತು! ಎಂಟು ಜನರದ್ದು ಬಂದ ಮರುದಿನವೇ ಎಲ್ಲಿಗೋ ಹೋಗಿತ್ತು. ನಿಶಾತ್‌ಳದ್ದು ಮಾತ್ರ ಹತ್ತು ದಿನದಿಂದ ಮುಟ್ಟದೆ ಹಾಗೇ ಬಿದ್ದಿತ್ತು.

ಇದೊಂದನ್ನೇ ಯಾಕೆ ಬಿಟ್ಟ? ಬೆರಳು ಅಷ್ಟರಲ್ಲಿ ಯೂನಿವರ್ಸಿಟಿಯ ನಿಜವಾದ ಖಾತೆಯ ಸಂಖ್ಯೆ ಹೊಡೆದಾಗಿತ್ತು. ಮೊತ್ತ ಹೊಡೆದಾಗಿತ್ತು. ಎರಡು ಐವತ್ತೆರಡು. ಕೊನೆಯ ಸಹಿಯೊಂದು ಬಾಕಿ.

“ಯಾಕೆ ನಿಲ್ಸಿದ್ರಿ ಆಂಟಿ? ಕಳಿಸಿ.”

ಲಾಯ್ಡ್ ಬಾಗಿಲಲ್ಲಿ ನಿಂತಿದ್ದ. ಯಾವಾಗ ಬಂದನೋ, ಬಾಗಿಲ ಸದ್ದೇ ಆಗಿರಲಿಲ್ಲ. ಕೈಯಲ್ಲಿದ್ದ ಫೋನಿನ ಕ್ಯಾಮೆರಾ ಅವಳ ಕಡೆಗೇ ಇತ್ತು.

“ಒಂದು ಹುಡುಗಿಗೆ ಹೆಲ್ಪ್ ಆಗುತ್ತೆ. ನೀವು ಅಕೌಂಟ್ ಒಳಗೆ ಬಂದಾಯ್ತಲ್ಲ, ಇನ್ನು ಆ ಎಂಟು ಜನರ ದುಡ್ಡಿಗೂ ನಿಮ್ಮ ಹೆಸರೇ. ನನಗೆ ಅಷ್ಟೇ ಬೇಕಿತ್ತು.”

ವಿನೀತಾ ಕೆಳಗೆ ನೋಡಿದಳು. ಹೊಸ್ತಿಲ ಬಳಿ ಅವಳ ಬೂಟಿನ ಹಿಮ ಕರಗಿದ ನೀರು ಇನ್ನೂ ಹಾಗೇ ನಿಂತಿತ್ತು. ಹೊರಗೆ ಹಿಮ ಬೀಳುತ್ತಲೇ ಇತ್ತು. ಲಾಯ್ಡ್‌ನ ಶೂ ಎರಡೂ ಒಣಗಿಯೇ ಇದ್ದವು.

ಅವನು ಕಾರಿನವರೆಗೆ ಹೋಗಿಯೇ ಇರಲಿಲ್ಲ. ನಿಶಾತ್‌ಳ ದುಡ್ಡನ್ನು ಮುಟ್ಟದೆ ಬಿಟ್ಟದ್ದು ಗಾಳಕ್ಕೆ ಹುಳವಾಗಿ.

“ಆಂಟಿ,” ಎಂದಳು ವಿನೀತಾ, ಅವನಿಗಲ್ಲ. “ಆ ಹೆಚ್... ನನ್ನನ್ನ ಕರೆಯೋಕೆ ಹಾಕಿದ್ದಾ, ಹಿಡಿಯೋಕೆ ಹಾಕಿದ್ದಾ?”

ರೋಸಿ ಆಂಟಿ ಸೆಮ್ಲಾದ ತಟ್ಟೆಯನ್ನು ಮೆಲ್ಲಗೆ ಅವಳ ಕಡೆಗೆ ಸರಿಸಿದಳು.

ಗಡಿಯಾರ ಎರಡು ಐವತ್ತಾರಕ್ಕೆ ಬಂತು.